ಏರಿ ಮೇಲಿನ ಜಾಲಿ ಮರ ಕೆರೆಯನ್ನು ಕಾಯುತ್ತದೆಯೇ?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕು. ಊರ ಕೆರೆಗೆ ಪೈಪ್‌ಲೈನ್‌ನಲ್ಲಿ ನೀರು ಬಂದಿದೆ. ಏರಿ ಮೇಲೆ ಜಾಲಿ, ಹೊಂಗೆ ದಟ್ಟವಾಗಿ ಬೆಳೆದಿವೆ. ಬೇರು ಮಣ್ಣು ಹಿಡಿದಿರೋದ್ರಿಂದ ಏರಿ ಭದ್ರ ಅಂತ ಹಿರಿಯರು ಹೇಳ್ತಾರೆ. ಇಂಜಿನಿಯರ್ ನೋಡಿದರೆ ‘ಇದು ಹೆಚ್ಚು ಅಪಾಯದ ಕೆರೆ’ ಅಂತಾರೆ. ಯಾರ ಮಾತು ನಂಬೋದು?

ಮಳೆಗಾಲ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಊರಿನ ಹೆಸರು ಮಾತ್ರ ಬೇರೆ. ಇಂಜಿನಿಯರ್ ಮಾತು ನಂಬಿ. ಆದರೆ ಅವರು ಹೇಳಿದ್ದು ನೀವು ಅಂದುಕೊಂಡಿದ್ದಲ್ಲ.

ಏರಿ ಹೇಗಿದೆ ಎನ್ನುವುದು ಒಂದು ಲೆಕ್ಕ. ಏರಿ ಒಡೆದರೆ ಕೆಳಗೆ ಯಾರಿದ್ದಾರೆ ಎನ್ನುವುದು ಇನ್ನೊಂದು. ‘ಹೆಚ್ಚು ಅಪಾಯ’ ಎಂದಿದ್ದು ಎರಡನೇ ಲೆಕ್ಕದಲ್ಲಿ. ಏರಿ ಹೊಚ್ಚ ಹೊಸದಾದರೂ ಕೆಳಗೆ ಮನೆ, ಶಾಲೆ ಇದ್ದರೆ ಅದು ಹೆಚ್ಚು ಅಪಾಯದ ಕೆರೆಯೇ. ಬಿರುಕು ಬಿಟ್ಟ ಏರಿಯ ಕೆಳಗೆ ಬರೀ ಮೆಕ್ಕೆಜೋಳದ ಹೊಲವಿದ್ದರೆ ಕಡಿಮೆ ಅಪಾಯ. ಕೆರೆ ಕಟ್ಟಿದಾಗ ಹೊಲವಿದ್ದ ಜಾಗದಲ್ಲಿ ಈಗ ಮನೆಗಳೆದ್ದಿದ್ದರೆ, ಏರಿಗೆ ಏನೂ ಆಗದಿದ್ದರೂ ಕೆರೆಯ ದರ್ಜೆ ಬದಲಾಗುತ್ತದೆ.

ಇನ್ನು ಮರದ ವಿಷಯ. ಈ ನಂಬಿಕೆ ಜಾಲಿಗಿಂತ ಆಳಕ್ಕೆ ಬೇರು ಬಿಟ್ಟಿದೆ.

ಬೇರು ಮಣ್ಣು ಹಿಡಿಯುತ್ತದೆ, ಸುಳ್ಳಲ್ಲ. ಹೊಲದ ಬದುವಿನಲ್ಲಿ, ಹಳ್ಳದ ದಡದಲ್ಲಿ ಅದೇ ಬೇಕು. ಅಲ್ಲಿ ಮೇಲಿನ ಮಣ್ಣು ಕೊಚ್ಚಿ ಹೋಗದಿದ್ದರೆ ಸಾಕು. ಏರಿಯ ಕೆಲಸ ಬೇರೆ. ಅದರ ಒಂದು ಮಗ್ಗುಲಲ್ಲಿ ಹಗಲೂ ರಾತ್ರಿ ನೀರು ಒತ್ತುತ್ತಿರುತ್ತದೆ. ಆ ನೀರು ಇನ್ನೊಂದು ಮಗ್ಗುಲಿಗೆ ದಾರಿ ಹುಡುಕುತ್ತದೆ. ಬೇರು ಬದುಕಿರುವಾಗ ಅದರ ಪಕ್ಕದಲ್ಲೇ ನೀರು ಜಿನುಗಬಹುದು. ಮರ ಸತ್ತ ಮೇಲೆ ಬೇರು ಕೊಳೆತು ಏರಿಯೊಳಗೆ ಪೈಪ್ ಹೂತಿಟ್ಟಂತೆ ಟೊಳ್ಳು ಉಳಿಯುತ್ತದೆ. ನೀರು ಅದರಲ್ಲಿ ನುಗ್ಗಿ ಮಣ್ಣನ್ನು ಚೂರು ಚೂರೇ ಹೊರಗೆ ಸಾಗಿಸುತ್ತದೆ. ಇದೆಲ್ಲ ಒಳಗೊಳಗೇ ನಡೆಯುವುದರಿಂದ ಹೊರಗಿನಿಂದ ಏರಿ ಗಟ್ಟಿಮುಟ್ಟಾಗಿಯೇ ಕಾಣುತ್ತದೆ.

ಜೋರು ಗಾಳಿಗೆ ಮರ ಉರುಳಿದರೆ ಬುಡದ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಏರಿ ಅಲ್ಲಿ ಅಷ್ಟು ತೆಳುವಾಯಿತು. ಜಾಲಿ ಪೊದೆಯ ಮರೆಯಲ್ಲಿ ಹೆಗ್ಗಣ, ಮುಳ್ಳುಹಂದಿ ಬಿಲ ತೋಡುತ್ತವೆ. ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಆ ಮುಳ್ಳಿನ ನಡುವೆ ಏರಿಯ ಹಿಂಬದಿಗೆ ಯಾರೂ ಇಳಿಯುವುದಿಲ್ಲ. ನೋಡಬೇಕಾದ ಜಾಗವೇ ಅದು! ಬುಡದಲ್ಲಿ ಒದ್ದೆ ಇದೆಯಾ, ತೂಬಿನ (ಹೊಲಕ್ಕೆ ನೀರು ಬಿಡುವ ಕಿಂಡಿ) ಪಕ್ಕದಿಂದ ನೀರು ಬರುತ್ತಿದೆಯಾ, ಬಂದರೆ ಅದರ ಬಣ್ಣ ಏನು? ತಿಳಿನೀರು ಒಂದೇ ಸಮ ಜಿನುಗುತ್ತಿದ್ದರೆ ಗುರುತು ಹಾಕಿ, ಜಾಸ್ತಿಯಾಗುತ್ತಿದೆಯಾ ಗಮನಿಸಿ. ಕೆಂಪಗೆ, ಕದಡಿ ಬಂದರೆ ಏರಿಯ ಮಣ್ಣೇ ಹೋಗುತ್ತಿದೆ ಎಂದರ್ಥ. ಆಗ ಮೀಟಿಂಗ್ ಕರೆಯಬೇಡಿ. ಕೆಳಗಿನವರನ್ನು ಎಬ್ಬಿಸಿ, ಇಂಜಿನಿಯರ್‌ಗೆ ಫೋನ್ ಮಾಡಿ.

‘ಇಷ್ಟು ವರ್ಷ ಏನೂ ಆಗಿಲ್ಲವಲ್ಲ’ ಎನ್ನುತ್ತೀರಿ. ಇಷ್ಟು ವರ್ಷ ಕೆರೆಯಲ್ಲಿ ನೀರೆಲ್ಲಿತ್ತು? ಮರ ಏರಿಯನ್ನು ಕಾಯಲಿಲ್ಲ, ಬರ ಕಾಯಿತು. ತುಂಗಭದ್ರೆಯಿಂದ ಜಗಳೂರಿನ 57 ಕೆರೆ ತುಂಬಿಸುವ ಯೋಜನೆ ಒಳ್ಳೆಯದೇ. ಆದರೆ ವರ್ಷಗಟ್ಟಲೆ ಒಣಗಿ, ಬಿರಿದು, ಬೇರು ಬಿಲ ತುಂಬಿಕೊಂಡ ಏರಿಗೆ ಈಗ ತಿಂಗಳುಗಟ್ಟಲೆ ನೀರು ಒತ್ತುತ್ತದೆ. ನಿಮ್ಮ ಏರಿಗೆ ನಿಜವಾದ ಪರೀಕ್ಷೆ ಶುರುವಾಗಿರುವುದು ಈಗ.

ಸಣ್ಣ ಕೆರೆ ಎಂಬ ಧೈರ್ಯವೂ ಬೇಡ. 2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯಲ್ಲಿ ತಿವರೆ ಎಂಬ ಸಣ್ಣ ಮಣ್ಣಿನ ಅಣೆಕಟ್ಟು ಒಡೆದು ಸುಮಾರು 20 ಜನ ಹೋದರು. ನೀರು ಸೋರುತ್ತಿದೆ ಎಂದು ಊರವರು ಮೊದಲೇ ದೂರಿದ್ದರು. ಆಮೇಲೆ ಅಲ್ಲಿನ ಸಚಿವರೊಬ್ಬರು ತಪ್ಪನ್ನು ಏಡಿಗಳ ಮೇಲೆ ಹೊರಿಸಿದರು.

ಹಾಗಂತ ನಾಳೆಯೇ ಕೊಡಲಿ ಹಿಡಿದು ಹೊರಡಬೇಡಿ. ಸಣ್ಣ ಗಿಡಗಳನ್ನು ಈಗಲೇ ಕಿತ್ತುಹಾಕಿ. ದೊಡ್ಡ ಮರವನ್ನು ಸುಮ್ನೆ ಕಡಿದು ಬೊಡ್ಡೆ ಬಿಟ್ಟರೆ ಬೇರು ಕೊಳೆಯುವುದು ಗ್ಯಾರಂಟಿ. ನೀರು ಇಳಿದ ಮೇಲೆ, ಇಂಜಿನಿಯರ್ ಮುಂದೆ, ಬೊಡ್ಡೆ ಮತ್ತು ದಪ್ಪ ಬೇರು ತೆಗೆಯಿಸಿ, ಜೇಡಿ ಮಣ್ಣು ಪದರ ಪದರವಾಗಿ ತುಂಬಿ ಕುಟ್ಟಿಸಬೇಕು. ಅದರ ಮೇಲೆ ಗರಿಕೆ ಬೆಳೆಯಲಿ. ಏರಿಗೆ ಅಷ್ಟು ಹಸಿರು ಸಾಕು.

ಯಾರನ್ನು ಕೇಳಬೇಕು? 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದವುಗಳಿಗೆ, ಕೆಲವು ಷರತ್ತಿನ ಮೇಲೆ 10ರಿಂದ 15 ಮೀಟರ್‌ನವಕ್ಕೆ. ಊರ ಕೆರೆಗಳು ಹೆಚ್ಚಾಗಿ ಅದರ ಕೈಗೆ ಸಿಗುವುದಿಲ್ಲ. ಅಚ್ಚುಕಟ್ಟು, ಅಂದರೆ ಕೆರೆ ನೀರುಣಿಸುವ ಜಮೀನು, 40 ಹೆಕ್ಟೇರ್ ಒಳಗಿದ್ದರೆ ಪಂಚಾಯಿತಿ, ಅದಕ್ಕಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹೊರಹೋಗುವ ಕೋಡಿ ಮೇಲೆ ಮರಳು ಮೂಟೆ ಇಟ್ಟಿದ್ದೀರಾ? ಎರಡು ಅಡಿ ನೀರು ಜಾಸ್ತಿ ನಿಲ್ಲಲಿ ಅಂತ? ಕೋಡಿಯಿಂದ ಏರಿಯ ತಲೆವರೆಗೆ ನಾಲ್ಕು ಅಡಿ ಇತ್ತು ಎನ್ನಿ. ಮೂಟೆ ಇಟ್ಟ ಮೇಲೆ ಉಳಿದದ್ದು ಎರಡು. ಹರಿಯುವ ನೀರಿನ ಆಳವೂ ಕಡಿಮೆ, ವೇಗವೂ ಕಡಿಮೆ. ಹಾಗಾಗಿ ನೀರು ಏರಿ ಹತ್ತುವ ಮೊದಲು ಕೋಡಿಯಲ್ಲಿ ಹೋಗಬಲ್ಲದ್ದು ಮೊದಲಿನ ಅರ್ಧವಲ್ಲ, ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಪೈಪಿನ ನೀರಿನಿಂದ ಕೆರೆ ಮೊದಲೇ ತುಂಬಿರುತ್ತದೆ. ಮೇಲೆ ಒಂದು ದೊಡ್ಡ ಮಳೆ ಬಿದ್ದರೆ ಎಲ್ಲ ನೀರೂ ಕೋಡಿಯಲ್ಲೇ ಹೋಗಬೇಕು. ಮಣ್ಣಿನ ಏರಿ ಮೇಲೆ ನೀರು ಹರಿದರೆ ಅದನ್ನು ಯಾವ ಬೇರೂ ಹಿಡಿದು ನಿಲ್ಲಿಸುವುದಿಲ್ಲ. ಮೂಟೆಗಳನ್ನು ಮೊದಲು ತೆಗೆಯಿರಿ, ಜಾಲಿ ಆಮೇಲೆ. ಕೋಡಿಯ ನೀರು ಹರಿದು ಹೋಗಬೇಕಾದ ಹಳ್ಳದಲ್ಲಿ ದಾರಿಗೆ ಅಡ್ಡವಾಗಿ ಅಡಿಕೆ ಹಾಕಿದವರು ಯಾರು ಅಂತಲೂ ಒಮ್ಮೆ ನೋಡಿ ಬನ್ನಿ.