ಬೇನೆಯ ನಡುವಿನ ಬಿಡುವು

ತೀರ್ಥಹಳ್ಳಿ, ಹೊಸನಗರದ ಕಡೆ ಮಳೆಗಾಲದಲ್ಲಿ ದಿನ ತುಂಬಿದ ಬಸುರಿಯನ್ನು ಮನೆಯಲ್ಲಿಟ್ಟುಕೊಳ್ಳಲು ಯಾರಿಗೂ ಧೈರ್ಯ ಸಾಲದು. ಮರ ಬಿದ್ದು ರಸ್ತೆ ಕಟ್ಟಿದರೆ ಶಿವಮೊಗ್ಗ ಮುಟ್ಟುವುದು ಯಾವಾಗ? ಹಾಗಾಗಿ ಮೊದಲೇ ಬಂದು ಅಡ್ಮಿಟ್ ಆಗುತ್ತಾರೆ. ದಿನ ಮೀರಿತು, ಬಿಪಿ ಏರಿತು, ನೀರು ಒಡೆದರೂ ನೋವಿಲ್ಲ ಎಂದಾದರೆ ಡಾಕ್ಟರು "ನೋವು ಬರಿಸೋಣ" ಅನ್ನುತ್ತಾರೆ. ಹೊರಗೆ ಬೆಂಚಿನ ಮೇಲೆ ಕೂತವರಿಗೆ ಆಗ ಮಗುವಿನ ಎದೆಬಡಿತದ ಚಿಂತೆ.

ನೋವು ಬರಿಸುವ ಔಷಧಿಗಳು ಮಗುವನ್ನು ತಟ್ಟುವುದು ಮುಖ್ಯವಾಗಿ ಗರ್ಭಕೋಶದ ಮೂಲಕ. ಗರ್ಭಕೋಶ ಬಿಗಿದಾಗ ಅದರ ಗೋಡೆಯ ರಕ್ತನಾಳಗಳು ಹಿಸುಕಿಕೊಂಡು, ಮಾಸಿಗೆ ಹೋಗುವ ತಾಯಿಯ ರಕ್ತ ಬಹುಮಟ್ಟಿಗೆ ನಿಲ್ಲುತ್ತದೆ. ತುಂಗೆಯಲ್ಲಿ ಮುಳುಗು ಹಾಕಿದವರಂತೆ ಮಗು ಇರುವ ಆಮ್ಲಜನಕದಲ್ಲೇ ಆ ಒಂದು ನಿಮಿಷ ಕಳೆಯುತ್ತದೆ. ಹತ್ತು ನಿಮಿಷಕ್ಕೆ ಮೂರು-ನಾಲ್ಕು ನೋವಾದರೆ ಸುಧಾರಿಸಿಕೊಳ್ಳಲು ಬಿಡುವು ಸಿಗುತ್ತದೆ. ಐದನ್ನು ದಾಟಿತೋ, ಕಷ್ಟ ಶುರು. ನಿಮಿಷಕ್ಕೆ 110ರಿಂದ 160 ಇರಬೇಕಾದ ಬಡಿತ ನೋವು ಜೋರಾದ ಮೇಲೆ ಇಳಿಯುತ್ತದೆ, ನೋವು ಹೋದ ಮೇಲೂ ತಡವಾಗಿ ಏರುತ್ತದೆ. ಬಡಿತ, ನೋವು ಎರಡನ್ನೂ ದಾಖಲಿಸುವ ಸಿಟಿಜಿ ಯಂತ್ರದ ಕಾಗದದಲ್ಲಿ ಮೇಲುಗಡೆಯ ಗೆರೆ ಬಡಿತದ್ದು, ಕೆಳಗಡೆಯದು ನೋವಿನದು. ಸಿಸ್ಟರ್ ಎರಡನ್ನೂ ಜೋಡಿಸಿ ನೋಡುವುದು ಈ ತಡಕ್ಕಾಗಿ. ಗೆರೆ ಇಳಿದಾಗೆಲ್ಲ ಗಾಬರಿ ಬೇಡ. ಮಗುವಿನ ತಲೆ ಒತ್ತಿಕೊಂಡಾಗ ನೋವಿನ ಜೊತೆಗೇ ಇಳಿದು, ಜೊತೆಗೇ ಏರುವುದೂ ಉಂಟು.

ವಿಧಾನಗಳಲ್ಲಿ ನಾನು ಮೊದಲು ನೋಡುವುದು, ಬೇಡವೆಂದಾಗ ನಿಲ್ಲಿಸಲು ಬರುತ್ತದೆಯೇ ಎಂದು. ಗರ್ಭಕೋಶ ಬಿಗಿಸುವ ಹಾರ್ಮೋನು ಆಕ್ಸಿಟೋಸಿನ್‌ನ ಡ್ರಿಪ್ ಹನಿಹನಿಯಾಗಿ ಏರಿಸುವಂಥದ್ದು. ನಿಲ್ಲಿಸಿದರೆ ರಕ್ತದಲ್ಲಿ ಅದರ ಪ್ರಮಾಣ ಕೆಲವೇ ನಿಮಿಷದಲ್ಲಿ ಅರ್ಧಕ್ಕಿಳಿಯುತ್ತದೆ. ಈ ಹಾರ್ಮೋನನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ವಿನ್ಸೆಂಟ್ ಡು ವಿನ್ಯೋಗೆ 1955ರಲ್ಲಿ ನೊಬೆಲ್ ಬಂತು. ಮಿಸೊಪ್ರೊಸ್ಟಾಲ್ ಹುಟ್ಟಿದ್ದು ಹೊಟ್ಟೆಹುಣ್ಣಿನ ಮಾತ್ರೆಯಾಗಿ. ಹೆರಿಗೆಗೆ ಒಂದು ಸಲಕ್ಕೆ ಬೇಕಾದ್ದು ಬರೀ 25 ಮೈಕ್ರೋಗ್ರಾಂ, ಆದರೆ ನುಂಗಿದ ಮೇಲೆ ವಾಪಸು ತೆಗೆಯುವಂತಿಲ್ಲ. ಗರ್ಭಕೋಶದ ಬಾಯಿಗೆ ಇಡುವ ಜೆಲ್‌ನದೂ ಹೆಚ್ಚುಕಡಿಮೆ ಇದೇ ಕತೆ. ಫೋಲಿ ಬಲೂನು ಮಾತ್ರ ಬೇರೆ ಜಾತಿ: ನೀರು ತುಂಬಿಸಿದ ಬಲೂನು ಬಾಯಿಯನ್ನು ಒತ್ತಿ ಹಿಗ್ಗಿಸುತ್ತದೆ, ಹೊರಗಿನ ಔಷಧಿ ಇಲ್ಲ. ನೋವು ಮೇಲಿಂದ ಮೇಲೆ ಬರುವ ತಾಪತ್ರಯ ಇದರಲ್ಲಿ ಕಡಿಮೆ. ಆಮೇಲೆ ಡ್ರಿಪ್ ಬೇಕಾಗುವುದು ಸಾಮಾನ್ಯ, ಅದು ಬೇರೆ ಮಾತು.

ಬಡಿತ ಕುಸಿದರೆ ಡ್ರಿಪ್ ನಿಲ್ಲಿಸಿ, ತಾಯಿಯನ್ನು ಎಡಕ್ಕೆ ಹೊರಳಿಸುತ್ತಾರೆ. ಸಾಲದಿದ್ದರೆ ಗರ್ಭಕೋಶ ಸಡಿಲಿಸುವ ಟರ್ಬುಟಲಿನ್ ಇಂಜೆಕ್ಷನ್. ಆಗಲೂ ಏರದಿದ್ದರೆ ಸಿಸೇರಿಯನ್.

ಜೆಲ್ ಇಟ್ಟ ಮಧ್ಯಾಹ್ನ ಮನೆಯವರು "ಇನ್ನೂ ಡ್ರಿಪ್ ಹಾಕಿಲ್ವಲ್ಲ ಸಿಸ್ಟರ್" ಎಂದು ಪೀಡಿಸುವುದುಂಟು. ಜೆಲ್ ಇಟ್ಟು ಆರು ಗಂಟೆಯಾದರೂ ಕಳೆಯಬೇಕು. ಅದರ ಕೆಲಸ ಮುಗಿಯುವ ಮೊದಲೇ ಡ್ರಿಪ್ ಸೇರಿದರೆ, ಎರಡೂ ಸೇರಿ ಮಗುವಿನ ಬಿಡುವನ್ನೇ ತಿಂದುಹಾಕುತ್ತವೆ.