ಬಿಯರ್‌ನ ರುಚಿಗೂ ಒಂದು ಊರಿದೆ

ಸ್ಟೌಟ್ ಅನ್ನುವ ಕಪ್ಪು ಬಿಯರನ್ನು ಮೊದಲ ಸಲ ಕುಡಿದ ಕೊಡಗಿನವರು ಕೇಳುವುದು ಒಂದೇ ಪ್ರಶ್ನೆ: ಇದಕ್ಕೆ ಕಾಫಿ ಹಾಕಿದ್ದಾರಾ? ಹೆಚ್ಚಿನ ಸ್ಟೌಟ್‌ಗಳಲ್ಲಿ ಕಾಫಿ ಒಂದು ಚೂರೂ ಇರುವುದಿಲ್ಲ. ಆದರೆ ಕೇಳಿದವರ ಮೂಗು ತಪ್ಪಿಲ್ಲ. ಹುರಿದ ಕಾಫಿಗೆ ಆ ಪರಿಮಳ ಕೊಡುವ ಪೈರಜಿನ್‌ನಂಥ ಎಷ್ಟೋ ರಾಸಾಯನಿಕಗಳು ಹುರಿದ ಬಾರ್ಲಿಯಲ್ಲೂ ಹುಟ್ಟುತ್ತವೆ. ತೋಟದ ಮಧ್ಯೆ ಬೆಳೆದವರಿಗೆ ಅವು ಹಳೇ ಪರಿಚಯ.

ಆ ಹುರಿದ ವಾಸನೆ ಬಿಯರ್‌ಗೆ ಬಂದದ್ದೂ ಕಾಫಿಯ ದಾರಿಯಲ್ಲೇ. 18ನೇ ಶತಮಾನದ ಲಂಡನ್ನಿನಲ್ಲಿ ಸ್ಟೌಟ್‌ನ ಮೂಲವಾದ ಪೋರ್ಟರ್ ಎಂಬ ಕಂದು ಬಿಯರ್‌ಗೆ ಭಾರೀ ಬೇಡಿಕೆ. ಅದನ್ನು ಕಂದು ಮಾಲ್ಟಿನಿಂದ ಮಾಡುತ್ತಿದ್ದರು. ಮಾಲ್ಟ್ ನಮಗೆ ಹೊಸದೇನಲ್ಲ. ಮಗುವಿನ ಸರಿಗೆ ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸುತ್ತೇವಲ್ಲ, ಅದೇ ಕೆಲಸವನ್ನು ಬಾರ್ಲಿಗೆ ಮಾಡಿದರೆ ಮಾಲ್ಟ್. ಮೊಳಕೆ ಬರುವಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವಗಳು ಎಚ್ಚೆತ್ತುಕೊಳ್ಳುತ್ತವೆ. ಆ ಮಾಲ್ಟನ್ನು ಪುಡಿ ಮಾಡಿ ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಇಟ್ಟರೆ ಅವೇ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಯೀಸ್ಟ್ ಆ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಗುಳ್ಳೆ ಕೊಡುತ್ತದೆ.

ಆ ಶತಮಾನದ ಕೊನೆಯ ಹೊತ್ತಿಗೆ ಬ್ರೂವರಿಗಳಿಗೆ ಹೈಡ್ರೋಮೀಟರ್ ಬಂತು. ದ್ರವದಲ್ಲಿ ಎಷ್ಟು ಸಕ್ಕರೆ ಕರಗಿದೆ ಎಂದು ಅಳೆಯುವ ಸರಳ ಸಾಧನ ಅದು. ಅಳೆದು ನೋಡಿದರೆ ಕಂದು ಮಾಲ್ಟಿನಿಂದ ಸಿಗುವ ಸಕ್ಕರೆ ತೀರಾ ಕಡಿಮೆ. ಕಡಿಮೆ ಬಿಸಿಯಲ್ಲಿ ಒಣಗಿಸಿದ ಬಿಳಿ ಮಾಲ್ಟ್ ದುಬಾರಿಯಾದರೂ ಲೆಕ್ಕ ಹಾಕಿದರೆ ಅದೇ ಲಾಭ. ಎಲ್ಲರೂ ಅದಕ್ಕೇ ತಿರುಗಿದರು. ಆಗ ಪೋರ್ಟರ್‌ನ ಬಣ್ಣ ಹೋಯಿತು. ಬಣ್ಣಕ್ಕಾಗಿ ಏನೇನೋ ಬೆರೆಸತೊಡಗಿದರು. 1816ರಲ್ಲಿ ಬ್ರಿಟಿಷ್ ಸಂಸತ್ತು ಕಾನೂನು ತಂದು, ಬಿಯರ್‌ಗೆ ಮಾಲ್ಟ್ ಮತ್ತು ಹಾಪ್ಸ್ (ಕಹಿ, ಪರಿಮಳ ಕೊಡುವ ಒಂದು ಬಳ್ಳಿಯ ಹೂ) ಬಿಟ್ಟು ಬೇರೇನೂ ಹಾಕಬಾರದು ಎಂದಿತು. ಮರುವರ್ಷ, 1817ರಲ್ಲಿ, ಡೇನಿಯಲ್ ವೀಲರ್ ಎಂಬಾತ ಒಂದು ಪೇಟೆಂಟ್ ಪಡೆದ. ಕಾಫಿ ಹುರಿಯುವಂಥದ್ದೇ ತಿರುಗುವ ಡ್ರಮ್ಮಿನಲ್ಲಿ ಮಾಲ್ಟನ್ನು 200 ಡಿಗ್ರಿ ಮೀರಿ ಹುರಿಯುವ ವಿಧಾನ ಅದು. ಈ ಕಪ್ಪು ಮಾಲ್ಟನ್ನು ಸ್ವಲ್ಪ ಸೇರಿಸಿದರೆ ಸಾಕು, ಇಡೀ ಪೀಪಾಯಿ ಕಪ್ಪಾಗುತ್ತದೆ. ಕಾನೂನಿಗೂ ಸರಿ, ಲೆಕ್ಕಕ್ಕೂ ಸರಿ. ಇಂದಿನ ಪೋರ್ಟರ್, ಸ್ಟೌಟ್‌ಗಳ ಕಾಫಿ–ಚಾಕೊಲೇಟ್ ರುಚಿ ಗಟ್ಟಿಯಾಗಿ ನೆಲೆ ನಿಂತದ್ದು ಹೀಗೆ.

ಇದರ ಹಿಂದಿನ ರಸಾಯನಶಾಸ್ತ್ರಕ್ಕೆ ಮಯ್ಯಾರ್ ಕ್ರಿಯೆ ಎಂದು ಹೆಸರು. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮಯ್ಯಾರ್. ಬಿಸಿಯಲ್ಲಿ ಸಕ್ಕರೆಯೂ ಅಮೈನೋ ಆಮ್ಲಗಳೂ ಸೇರಿ ನೂರಾರು ಹೊಸ ವಾಸನೆಗಳನ್ನು ಹುಟ್ಟಿಸುತ್ತವೆ. ಸುಮಾರು 80 ಡಿಗ್ರಿಯಲ್ಲಿ ಒಣಗಿಸಿದ ಮಾಲ್ಟಿಗೆ ಬ್ರೆಡ್ಡಿನ ಪರಿಮಳ. ಇನ್ನೂ ಬಿಸಿ ಕೊಟ್ಟರೆ ಬಿಸ್ಕತ್ತು, ಆಮೇಲೆ ಟಾಫಿ, ಕೊನೆಗೆ ಕಾಫಿ ಮತ್ತು ಕಹಿ ಚಾಕೊಲೇಟ್. ಪಂದಿಕರಿಯ ಮಸಾಲೆಯನ್ನು ಕಪ್ಪಗಾಗುವವರೆಗೆ ಹುರಿಯುವಾಗ ಬಾಣಲೆಯಲ್ಲಿ ನಡೆಯುವುದರಲ್ಲೂ ಇದರ ಪಾಲಿದೆ. ಅದಕ್ಕೇ ನನ್ನ ಪ್ರಕಾರ ಪಂದಿಕರಿ, ಕಡಂಬುಟ್ಟಿನ ಜೊತೆಗೆ ಹೊಂದುವುದು ಪೋರ್ಟರ್. ಹುರಿದದ್ದಕ್ಕೆ ಹುರಿದದ್ದು ಜೋಡಿ. ಬಿಯರ್‌ನ ಕಹಿ ಮತ್ತು ಗುಳ್ಳೆ ಕೊಬ್ಬಿನ ಜಿಡ್ಡನ್ನು ನಾಲಿಗೆಯಿಂದ ತೆಗೆಯುತ್ತವೆ. ಕಾಚಂಪುಳಿಯ ಹುಳಿ ಮುಂದಿನ ತುತ್ತಿಗೆ ದಾರಿ ಮಾಡುತ್ತದೆ. ತಣ್ಣಗಿನ ತಿಳಿ ಲಾಗರ್ ಬಿಯರ್ ಆ ಮಸಾಲೆಯ ಎದುರು ನೀರಾಗಿಬಿಡುತ್ತದೆ.

ಬೆಂಕಿಯ ನಂತರ ನೀರು. ಬಿಯರ್‌ನಲ್ಲಿ ಶೇಕಡಾ 90ಕ್ಕಿಂತ ಜಾಸ್ತಿ ನೀರೇ ಇರುತ್ತದೆ ಅಂದಮೇಲೆ ಊರಿನ ಬಾವಿಯ ಗುಣ ಅದರಲ್ಲಿ ಕಾಣದೆ ಇರುತ್ತದಾ? ಲಂಡನ್ನಿನ ಬಾವಿಗಳು ಸೀಮೆಸುಣ್ಣದ ಪದರದಲ್ಲಿದ್ದವು. ಆ ನೀರಿನಲ್ಲಿ ಬೈಕಾರ್ಬನೇಟ್ ಹೆಚ್ಚು, ಅಂದರೆ ಕ್ಷಾರ ಗುಣ ಜಾಸ್ತಿ. ಕಿಣ್ವಗಳು ಚೆನ್ನಾಗಿ ಕೆಲಸ ಮಾಡಲು ಸ್ವಲ್ಪ ಆಮ್ಲೀಯ ವಾತಾವರಣ ಬೇಕು. ಹುರಿದ ಮಾಲ್ಟ್ ತಾನೇ ಆಮ್ಲೀಯ, ಹಾಗಾಗಿ ಆ ನೀರನ್ನು ಸರಿದೂಗಿಸುತ್ತದೆ. ಮ್ಯೂನಿಕ್‌ನ ನೀರೂ ಇಂಥದ್ದೇ, ಅಲ್ಲಿಯ ಹಳೆಯ ಬಿಯರ್‌ಗಳೂ ಗಾಢ ಬಣ್ಣದವೇ. ಇಂಗ್ಲೆಂಡಿನ ಬರ್ಟನ್ ಪಟ್ಟಣದ ನೀರಿನಲ್ಲಿ ಜಿಪ್ಸಮ್, ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ತುಂಬಾ ಇದೆ. ಸಲ್ಫೇಟ್ ಇದ್ದರೆ ಹಾಪ್ಸ್‌ನ ಕಹಿ ಚುರುಕಾಗಿ, ಒಣಗಿದ ಹಾಗೆ ಹತ್ತುತ್ತದೆ. ಅಲ್ಲಿಯ ಪೇಲ್ ಏಲ್ ಎಂಬ ತಿಳಿ ಬಣ್ಣದ ಬಿಯರ್ ಪ್ರಸಿದ್ಧವಾದದ್ದು ಅದರಿಂದಲೇ. ಚೆಕ್ ನಾಡಿನ ಪಿಲ್ಸೆನ್ ಪಟ್ಟಣದ್ದು ಇದಕ್ಕೆ ಪೂರಾ ವಿರುದ್ಧ. ಅಲ್ಲಿ ಲವಣವೇ ಇಲ್ಲದಂಥ ಮೆದು ನೀರು. 1842ರಲ್ಲಿ ಯೋಸೆಫ್ ಗ್ರೋಲ್ ಎಂಬ ಬವೇರಿಯದ ಬ್ರೂವರ್ ಆ ನೀರು, ಬಿಳಿ ಮಾಲ್ಟ್, ಅಲ್ಲಿಯದೇ ಸಾಟ್ಸ್ ಹಾಪ್ಸ್ ಸೇರಿಸಿ ಹೊನ್ನಿನ ಬಣ್ಣದ ಪಿಲ್ಸ್ನರ್ ಮಾಡಿದ. ಇವತ್ತು ಜಗತ್ತಿನ ಯಾವ ಮೂಲೆಗೆ ಹೋದರೂ ಸಿಗುವ ತಿಳಿ ಹಳದಿ ಬಿಯರ್‌ಗಳು ಅದರ ಸಂತಾನ.

ಕೊಡಗಿನದು ಪಿಲ್ಸೆನ್ ಕಡೆಯ ನೀರು. ಮಡಿಕೇರಿ ಸುತ್ತಮುತ್ತ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ. ನೆಲದಡಿ ಸುಣ್ಣಕಲ್ಲು ಇಲ್ಲ, ನೈಸ್ (gneiss) ಎಂಬ ಗಟ್ಟಿ ಬಂಡೆ. ಅಂಥ ಬಂಡೆಯಿಂದ ನೀರಿಗೆ ಕರಗಿ ಬರುವ ಲವಣ ಕಡಿಮೆ. ಈಗ ಆರ್‌ಒ ಯಂತ್ರ ಇಟ್ಟು, ಬೇಕಾದ ಲವಣ ಹಾಕಿ ಎಲ್ಲಿ ಬೇಕಾದರೂ ಬರ್ಟನ್ ನೀರು ಮಾಡಿಕೊಳ್ಳಬಹುದು, ನಿಜ. ಆದರೆ ಒಂದೊಂದು ಶೈಲಿ ಹುಟ್ಟಿದ ಕಾಲದಲ್ಲಿ ಆ ಆಯ್ಕೆ ಯಾರಿಗೂ ಇರಲಿಲ್ಲ. ಇದ್ದ ನೀರಿಗೆ ಒಗ್ಗಿದ ಬಿಯರ್ ಉಳಿಯಿತು, ಒಗ್ಗದ್ದು ಹೋಯಿತು.

ಚಳಿಯೂ ಹಾಗೆಯೇ ಲಾಗರ್ ಎಂಬ ಒಂದು ಶೈಲಿಯನ್ನು ಕಟ್ಟಿದೆ. ಬೇಸಿಗೆಯ ಬಿಯರ್ ಬೇಗ ಕೆಡುತ್ತದೆ ಎಂದು 1553ರಲ್ಲಿ ಬವೇರಿಯದ ದೊರೆ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಮಾಡುವುದನ್ನೇ ನಿಷೇಧಿಸಿದ. ಚಳಿಗಾಲದಲ್ಲಿ ಮಾತ್ರ ಮಾಡಿ, ತಣ್ಣನೆಯ ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ಇಡುತ್ತಿದ್ದರು. ಮಾಳಿಗೆ ತಂಪಾಗಿರಲಿ ಎಂದು ಮೇಲೆ ಚೆಸ್ಟ್‌ನಟ್ ಮರ ನೆಡುತ್ತಿದ್ದರು. ಆ ನೆರಳಿನಲ್ಲೇ ಮುಂದೆ ಬಿಯರ್ ಗಾರ್ಡನ್‌ಗಳು ಎದ್ದವು. ಏಲ್ ಮಾಡುವ ಮಾಮೂಲಿ ಯೀಸ್ಟ್‌ಗೆ 15ರಿಂದ 24 ಡಿಗ್ರಿ ಬೇಕು. ಹತ್ತು ಡಿಗ್ರಿಯ ಆಸುಪಾಸಿನಲ್ಲೂ ದುಡಿಯಬಲ್ಲ ಲಾಗರ್ ಯೀಸ್ಟ್‌ಗೆ ಇಂಥ ಕಡೆ ಪೈಪೋಟಿ ಕಡಿಮೆ. ನಿಧಾನವಾಗಿ ಕೆಲಸ ಮಾಡುವ ಈ ಯೀಸ್ಟ್ ಹಣ್ಣಿನ ವಾಸನೆಗಳನ್ನು ಹೆಚ್ಚು ಬಿಡುವುದಿಲ್ಲ. ಲಾಗರ್ ಶುಭ್ರವಾಗಿ, ನೇರವಾಗಿ ರುಚಿಸುವುದು ಅದಕ್ಕೇ.

ಈ ಯೀಸ್ಟ್ ಒಂದು ಮಿಶ್ರತಳಿ. ಒಂದು ಕಡೆಯ ಪೋಷಕ ಬ್ರೆಡ್ಡಿಗೂ ಏಲ್‌ಗೂ ಬಳಸುವ ಸ್ಯಾಕರೋಮೈಸಿಸ್ ಸೆರೆವಿಸಿಯೆ. ಇನ್ನೊಂದು ಯಾವುದೆಂದು ಬಹುಕಾಲ ತಿಳಿದಿರಲಿಲ್ಲ. 2011ರಲ್ಲಿ ವಿಜ್ಞಾನಿಗಳು ಅದನ್ನು ಕಂಡುಹಿಡಿದದ್ದು ದಕ್ಷಿಣ ಅಮೆರಿಕದ ತುದಿಯ ಪ್ಯಾಟಗೋನಿಯಾ ಕಾಡಿನಲ್ಲಿ, ಬೀಚ್ ಜಾತಿಯ ಮರಗಳ ಮೇಲೆ. ಅದಕ್ಕೆ ಸ್ಯಾಕರೋಮೈಸಿಸ್ ಯೂಬಯಾನಸ್ ಎಂದು ಹೆಸರಿಟ್ಟರು. ಆಮೇಲೆ ಟಿಬೆಟ್‌ನಲ್ಲಿ, ಇತ್ತೀಚೆಗೆ ಐರ್ಲೆಂಡಿನ ಮಣ್ಣಿನಲ್ಲೂ ಸಿಕ್ಕಿತು. ಕಾಡಿನ ಮರದ ಮೇಲಿನ ಒಂದು ಅನಾಮಿಕ ಜೀವಿಯಿಂದ ಜಗತ್ತಿನ ದೊಡ್ಡ ಪಾಲು ಬಿಯರ್ ಬಂದಿದೆ ಅನ್ನುವುದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಪಶ್ಚಿಮಘಟ್ಟದ ಮರಗಳ ಮೇಲೆ ಏನೇನಿದೆಯೋ ಎಂದು ನೋಡಲು ಅದೇ ಸಾಕಷ್ಟು ಕಾರಣ.

ಜರ್ಮನಿಯ ಗೋಧಿ ಬಿಯರ್ ಹೆಫೆವೈಟ್ಸನ್‌ನಲ್ಲಿ ಬಾಳೆಹಣ್ಣು, ಲವಂಗ ಎರಡೂ ಘಮ್ಮೆನ್ನುತ್ತವೆ. ಎರಡನ್ನೂ ಹಾಕಿರುವುದಿಲ್ಲ, ಎರಡೂ ಯೀಸ್ಟ್‌ನ ಕೆಲಸ. ಬಾಳೆಯ ವಾಸನೆ ಐಸೋಅಮೈಲ್ ಅಸಿಟೇಟ್‌ನದು. ಲವಂಗದ ವಾಸನೆ 4-ವಿನೈಲ್ ಗ್ವಾಯಕಾಲ್‌ನದು. ಕಾಳಿನ ಸಿಪ್ಪೆಯಲ್ಲಿರುವ ಫೆರುಲಿಕ್ ಆಮ್ಲವನ್ನು ಯೀಸ್ಟ್ ಹಾಗೆ ಬದಲಿಸುತ್ತದೆ. ಬ್ರೂವರ್ ಮಾಲ್ಟನ್ನು ಮೊದಲು ಸುಮಾರು 45 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಲವಂಗ ಜಾಸ್ತಿ, ಹುದುಗುವಾಗ ತುಸು ಬೆಚ್ಚಗಿಟ್ಟರೆ ಬಾಳೆ ಜಾಸ್ತಿ. ಬೆಲ್ಜಿಯಂನವರ ಗೋಧಿ ಬಿಯರ್ ವಿಟ್‌ಬಿಯರ್‌ಗೆ ಮಾತ್ರ ನಿಜವಾಗಿಯೂ ಕೊತ್ತಂಬರಿ ಬೀಜ ಮತ್ತು ಕಹಿ ಕಿತ್ತಳೆಯ ಸಿಪ್ಪೆ ಹಾಕುತ್ತಾರೆ. ಹೂಗಾರ್ಡನ್ ಎಂಬ ಹಳ್ಳಿಯಲ್ಲಿ 1950ರ ದಶಕದಲ್ಲಿ ಇದರ ಕೊನೆಯ ಬ್ರೂವರಿಯೂ ಮುಚ್ಚಿತ್ತು. ಹಾಲು ಮಾರುತ್ತಿದ್ದ ಪಿಯರ್ ಸೆಲಿಸ್ ಎಂಬಾತ 1960ರ ದಶಕದಲ್ಲಿ ಮತ್ತೆ ಶುರು ಮಾಡಿದ. ಒಬ್ಬನ ಹಟದಿಂದ ಒಂದು ಶೈಲಿ ಉಳಿಯಿತು. ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಿಕೆ ಇದೆ, ಆದರೆ ರೋಗ ಬಿದ್ದು ತೋಟಗಳಲ್ಲಿ ಆ ಗಿಡಗಳೇ ಕಡಿಮೆಯಾಗಿವೆ. ಸಿಪ್ಪೆಗೂ ಬೆಲೆ ಸಿಗುವ ದಾರಿ ಇದ್ದರೆ ಒಳ್ಳೆಯದೇ ಅಲ್ವಾ?

ಹಾಪ್ಸ್ ಬಳ್ಳಿಯ ವಿಷಯಕ್ಕೆ ಬಂದರೆ ಕಾಳುಮೆಣಸಿನ ನಾಡಿನವರಿಗೆ ಇನ್ನೂ ಹತ್ತಿರ. ಅದರ ಹೆಣ್ಣು ಹೂಗಳೊಳಗಿನ ಹಳದಿ ಪುಡಿಯಲ್ಲಿ ಕಹಿ ಆಮ್ಲಗಳೂ ಪರಿಮಳದ ಎಣ್ಣೆಗಳೂ ಇರುತ್ತವೆ. ಎಣ್ಣೆಗಳಲ್ಲಿ ಒಂದು ಕ್ಯಾರಿಯೋಫಿಲೀನ್. ಕಾಳುಮೆಣಸಿನ ಪರಿಮಳದ ಎಣ್ಣೆಯಲ್ಲೂ ಇದರ ಪಾಲು ದೊಡ್ಡದು. ಲಿನಲೂಲ್ ಎಂಬ ಇನ್ನೊಂದು ಕೊತ್ತಂಬರಿ ಬೀಜದಲ್ಲಿದೆ. ಕಹಿ ಬರಬೇಕಾದರೆ ಹಾಪ್ಸನ್ನು ತುಂಬಾ ಹೊತ್ತು ಕುದಿಸಬೇಕು, ಆಗ ಅದರ ಕಹಿ ಆಮ್ಲ ಹ್ಯೂಮುಲೋನ್ ರೂಪ ಬದಲಿಸಿ ಐಸೋಹ್ಯೂಮುಲೋನ್ ಆಗುತ್ತದೆ. ಪರಿಮಳ ಬೇಕಿದ್ದರೆ ಕೊನೆಗೆ ಹಾಕಬೇಕು, ಇಲ್ಲವೇ ತಣ್ಣಗಾದ ಮೇಲೆ ನೆನೆಹಾಕಬೇಕು. ಹಾಪ್ಸ್ ಬಳ್ಳಿ ಹೂಬಿಡುವ ಮೊದಲು ಚೆನ್ನಾಗಿ ಬೆಳೆಯಲು ಬೇಸಿಗೆಯ ಉದ್ದ ಹಗಲು ಬೇಕು. ಸಮಭಾಜಕದಿಂದ 12 ಡಿಗ್ರಿಯಷ್ಟೇ ದೂರದ ಕೊಡಗಿಗೆ ಅದು ಸಹಜವಾಗಿ ಒಗ್ಗುವುದಿಲ್ಲ. ಭಾರತದಲ್ಲಿ ಅದನ್ನು ಹೆಚ್ಚಾಗಿ ಬೆಳೆದದ್ದು ಹಿಮಾಚಲದ ಲಾಹೌಲ್‌ನಲ್ಲಿ.

ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್, ಭಾರತಕ್ಕೆಂದೇ ಕಂಡುಹಿಡಿದದ್ದು ಎಂಬ ಮಾತು ಎಲ್ಲೆಡೆ ಇದೆ. ಅದು ಪೂರ್ತಿ ನಿಜವಲ್ಲ. ಹಾಪ್ಸ್ ಜಾಸ್ತಿ ಹಾಕಿದ, ಕೆಡದ ಬಿಯರ್ ಇಂಗ್ಲೆಂಡಿನಲ್ಲಿ ಮೊದಲೇ ಇತ್ತು. 18ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಜಾರ್ಜ್ ಹಾಡ್ಜ್‌ಸನ್ ಅದನ್ನು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಿಗೆ ಧಾರಾಳವಾಗಿ ಸಾಲ ಕೊಟ್ಟು ಮಾರಿದ. 1820ರ ದಶಕದಲ್ಲಿ ಬರ್ಟನ್‌ನವರು ಆ ವ್ಯಾಪಾರಕ್ಕೆ ಇಳಿದರು. ಆಫ್ರಿಕಾ ಸುತ್ತಿ ಬರುವ ತಿಂಗಳುಗಟ್ಟಲೆ ಪ್ರಯಾಣದಲ್ಲಿ ಹಾಪ್ಸ್‌ನ ಆಮ್ಲಗಳು ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳನ್ನು ತಡೆದವು. ಪೀಪಾಯಿಯಲ್ಲಿ ತೂಗಾಡುತ್ತಾ, ಬಿಸಿಯಲ್ಲಿ ಬಿಯರ್ ಹದವಾಯಿತು. ಅದೇ ದಾರಿಯಲ್ಲಿ ಎದುರು ದಿಕ್ಕಿಗೆ ಹೋಗುತ್ತಿದ್ದ ಮಲಬಾರಿನ ಕಾಫಿಯೂ ಹಡಗಿನ ತೇವಕ್ಕೆ ಉಬ್ಬಿ, ಹಳದಿಯಾಗಿ, ಹುಳಿ ಕಳೆದುಕೊಂಡು ಯೂರೋಪು ತಲುಪುತ್ತಿತ್ತು. ಆ ರುಚಿಗೆ ಒಗ್ಗಿದವರಿಗಾಗಿಯೇ ಕರಾವಳಿಯಲ್ಲಿ ಇಂದಿಗೂ ಮಳೆಗಾಲದ ಗಾಳಿಗೆ ಕಾಫಿ ಹರಡಿ ಮಾನ್ಸೂನ್ಡ್ ಮಲಬಾರ್ ಮಾಡುತ್ತಾರೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಎರಡೂ ಕಡೆಯ ಪ್ರಯಾಣ ಚಿಕ್ಕದಾಯಿತು. ಇವತ್ತಿನ ಐಪಿಎಯ ಕಿತ್ತಳೆ, ಚಕ್ಕೋತದಂಥ ಪರಿಮಳ ಮಾತ್ರ ಅಮೆರಿಕದ್ದು. 1972ರಲ್ಲಿ ಅಲ್ಲಿ ಬಂದ ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿಯಿಂದ ಅದು ಶುರುವಾಯಿತು.

ಹಾಗಾದರೆ ಕೊಡಗಿಗೇ ಸೇರಿದ ಒಂದು ಬಿಯರ್ ಹೇಗಿರಬಹುದು? ಸ್ಟೌಟ್‌ಗೆ ಕೊಡಗಿನ ಕಾಫಿ ಸೇರಿಸಿ ಹೆಸರಿಡುವುದು ಸುಲಭ. ರುಚಿಯೂ ಚೆನ್ನಾಗಿಯೇ ಇರುತ್ತದೆ. ಆದರೆ ಅದು ಲಂಡನ್ನಿನ ಬಿಯರ್‌ಗೆ ನಮ್ಮ ಕಾಫಿ ಬೆರೆತದ್ದು ಅಷ್ಟೇ. ನನ್ನ ನೋಟ ಬೆಲ್ಜಿಯಂನ ಲ್ಯಾಂಬಿಕ್ ಎಂಬ ಬಿಯರ್ ಕಡೆಗಿದೆ. ಬ್ರಸೆಲ್ಸ್ ಹತ್ತಿರದ ಸೆನ್ ಕಣಿವೆಯಲ್ಲಿ ಕುದಿಸಿದ ಮಾಲ್ಟಿನ ದ್ರವವನ್ನು ಚಳಿಗಾಲದ ರಾತ್ರಿ ಅಗಲವಾದ ತಟ್ಟೆಗಳಲ್ಲಿ ತೆರೆದಿಡುತ್ತಾರೆ. ಯೀಸ್ಟ್ ಹಾಕುವುದಿಲ್ಲ. ಗಾಳಿಯಲ್ಲಿದ್ದದ್ದು, ಪೀಪಾಯಿಯ ಮರದಲ್ಲಿದ್ದದ್ದು ಬಂದು ಸೇರುತ್ತದೆ. ಮೊದಲು ಸ್ಯಾಕರೋಮೈಸಿಸ್, ಆಮೇಲೆ ಹುಳಿ ಬರಿಸುವ ಬ್ಯಾಕ್ಟೀರಿಯಾ, ಕೊನೆಗೆ ತೊಗಲು, ಹುಲ್ಲಿನ ವಾಸನೆ ಕೊಡುವ ಬ್ರೆಟನೋಮೈಸಿಸ್. ಒಂದರಿಂದ ಮೂರು ವರ್ಷ ಹಿಡಿಯುತ್ತದೆ.

ಕೊಡಗಿನಲ್ಲಿ ಇಂಥ ಸೂಕ್ಷ್ಮಜೀವಿಗಳ ಸಮುದಾಯ ಈಗಾಗಲೇ ಇದೆ. ಬೈನೆ ಮರದಿಂದ ಇಳಿಸಿದ ಕಳ್ಳು ಬೆಳಿಗ್ಗೆ ಸಿಹಿ, ಸಂಜೆಗೆ ಹುಳಿ. ಅದರೊಳಗೆ ಯೀಸ್ಟೂ ಲ್ಯಾಕ್ಟಿಕ್ ಬ್ಯಾಕ್ಟೀರಿಯಾವೂ ಒಟ್ಟಿಗೆ ದುಡಿಯುತ್ತವೆ. ಪಲ್ಪಿಂಗ್ ಆದ, ಅಂದರೆ ಹಣ್ಣಿನ ಸಿಪ್ಪೆ ತೆಗೆದ, ಅರೇಬಿಕಾ ಕಾಫಿಯ ಲೋಳೆ ಬಿಡಿಸುವ ತೊಟ್ಟಿಗಳಲ್ಲೂ ಇವುಗಳದೇ ನೆಂಟರು. ಅಲ್ಲಿಂದ ಯೀಸ್ಟನ್ನು ಬೇರ್ಪಡಿಸಿ ಬೆಳೆಸುವುದು ಹೊಸ ವಿದ್ಯೆಯಲ್ಲ. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ 1883ರಲ್ಲೇ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿ ತೋರಿಸಿದ್ದ.

ತೊಡಕು ಇರುವುದು ಬೇರೆ ಕಡೆ. ಕಳ್ಳಿನ ಸಕ್ಕರೆ ಮುಖ್ಯವಾಗಿ ಸುಕ್ರೋಸ್. ಬಾರ್ಲಿಯ ಸಕ್ಕರೆ ಮುಖ್ಯವಾಗಿ ಮಾಲ್ಟೋಸ್. ಸುಕ್ರೋಸ್ ಮೇಲೆ ಬೆಳೆದ ಎಷ್ಟೋ ಕಾಡು ಯೀಸ್ಟ್‌ಗಳಿಗೆ ಮಾಲ್ಟೋಸ್ ಸರಿಯಾಗಿ ದಕ್ಕುವುದಿಲ್ಲ. ಬಿಯರ್ ಅರ್ಧಕ್ಕೇ ನಿಂತು ಸಿಹಿಯಾಗಿ ಉಳಿಯುತ್ತದೆ. ಹಾಗಾಗಿ ಬೇರೆ ಬೇರೆ ಮರಗಳ ಕಳ್ಳಿನಿಂದ ಯೀಸ್ಟ್ ತೆಗೆದು, ಯಾವುದು ಮಾಲ್ಟೋಸ್ ತಿನ್ನುತ್ತದೆ, ಯಾವುದು ಲವಂಗದ ವಾಸನೆ ಜಾಸ್ತಿ ಬಿಡುತ್ತದೆ ಎಂದು ಸಣ್ಣ ಸಣ್ಣ ಶೀಶೆಗಳಲ್ಲಿ ನೋಡಬೇಕು. ಪರವಾನಗಿ ಇರುವ ಒಂದು ಸಣ್ಣ ಬ್ರೂವರಿ ಮತ್ತು ಒಂದು ಕಾಲೇಜಿನ ಸೂಕ್ಷ್ಮಜೀವಿ ವಿಭಾಗ ಸೇರಿದರೆ ಆಗುವ ಕೆಲಸ ಇದು. ಮಾಲ್ಟೋಸ್ ತಿನ್ನುವುದು ಸಿಗದಿದ್ದರೂ ದಾರಿ ಇದೆ. ಮೊದಲು ಕಳ್ಳಿನ ಯೀಸ್ಟ್ ಹಾಕಿ ಅದರ ಪರಿಮಳ ಬರಲು ಬಿಟ್ಟು, ಒಂದೆರಡು ದಿನದ ಮೇಲೆ ಮಾಮೂಲಿ ಏಲ್ ಯೀಸ್ಟ್ ಸೇರಿಸಿದರೆ ಉಳಿದ ಮಾಲ್ಟೋಸನ್ನು ಅದು ಮುಗಿಸುತ್ತದೆ.