ಮುರಿದದ್ದು ದವಡೆ, ಕಳಿಸಿದ್ದು ಹಲ್ಲಿನ ಡಾಕ್ಟರ ಹತ್ತಿರ. ಯಾಕೆ?

ಪ್ರಶ್ನೆ: ನನ್ನ ತಮ್ಮ ಮುಂಬಯಿಯ ಅಂಧೇರಿಯಲ್ಲಿ ಹೋಟೆಲೊಂದರ ಕ್ಯಾಷಿಯರ್. ನಿನ್ನೆ ರಾತ್ರಿ ಮಳೆಯಲ್ಲಿ ಬೈಕ್ ಜಾರಿ ಗದ್ದ ಊರಿ ಬಿದ್ದ. ತಲೆಯ ಸ್ಕ್ಯಾನ್ ಸರಿ ಇದೆಯಂತೆ. ಗದ್ದಕ್ಕೆ ಹೊಲಿಗೆ ಹಾಕಿದ್ದಾರೆ. ಆದರೆ ಕೆಳದವಡೆ ಮುರಿದಿದೆ ಅಂತ ಡೆಂಟಲ್ ಕಾಲೇಜಿಗೆ ಚೀಟಿ ಬರೆದುಕೊಟ್ಟರು. ಮೂಳೆ ಮುರಿದರೆ ಹಲ್ಲು ಕೀಳುವವರು ಏನು ಮಾಡುತ್ತಾರೆ ಡಾಕ್ಟ್ರೇ? ಮೂಳೆ ಡಾಕ್ಟರಿಗೋ ಪ್ಲಾಸ್ಟಿಕ್ ಸರ್ಜನ್‌ಗೋ ತೋರಿಸಬೇಕಲ್ವಾ?

ಉತ್ತರ: ಚೀಟಿ ಬರೆದವರು ಸರಿಯಾದ ಕಡೆಗೇ ಕಳಿಸಿದ್ದಾರೆ ತಂಗಿ. ನಾಳೆ ನೋಡೋಣ ಅಂತ ಇಡಬೇಡಿ, ಹೊರಡಿ. ಉಳಿದದ್ದನ್ನು ಲೋಕಲ್ ರೈಲಿನಲ್ಲಿ ಕೂತು ಓದಿದರಾಯಿತು.

ನಿಮ್ಮ ಅನುಮಾನ ನಿಮ್ಮೊಬ್ಬರದ್ದಲ್ಲ. ಮಾಟುಂಗಾದಲ್ಲಿ ನಮ್ಮ ಕನ್ನಡದವರು ಸೇರಿದಾಗೆಲ್ಲ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ನಮ್ಮ ವಿಭಾಗದ ಹೆಸರೂ ಹಾಗೇ ಇದೆ: ಓರಲ್ ಅಂಡ್ ಮ್ಯಾಕ್ಸಿಲೊಫೇಶಿಯಲ್ ಸರ್ಜರಿ. ಮ್ಯಾಕ್ಸಿಲಾ ಅಂದರೆ ಮೇಲ್ದವಡೆ. ಬಾಯಿ, ದವಡೆ, ಮುಖ ಈ ಮೂರರ ಶಸ್ತ್ರಚಿಕಿತ್ಸೆ ಅಂದುಕೊಂಡರೆ ಸಾಕು. ನಮ್ಮಲ್ಲಿ ಇದು ದಂತವೈದ್ಯಕೀಯದ ಒಳಗೇ ಬರುವ ವಿಭಾಗ. ಮೊದಲು ಬಿಡಿಎಸ್, ಇಂಟರ್ನ್‌ಶಿಪ್ ಸೇರಿ 5 ವರ್ಷ. ಆಮೇಲೆ ಈ ವಿಷಯದಲ್ಲೇ 3 ವರ್ಷದ ಎಂಡಿಎಸ್. ಆ ಮೂರು ವರ್ಷದಲ್ಲಿ ಹೆಚ್ಚು ಹೊತ್ತು ಕಳೆಯುವುದು ಆಪರೇಷನ್ ಥಿಯೇಟರಿನಲ್ಲಿ, ವಾರ್ಡಿನಲ್ಲಿ. ಹಲ್ಲು ಕೀಳುವುದೂ ನಮ್ಮ ಕೆಲಸವೇ. ಆದರೆ ಅದು ಮೊದಲ ಮೆಟ್ಟಿಲು ಮಾತ್ರ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ದವಡೆ ಮೂಳೆಗೆ ಯಾಕೆ ಹಲ್ಲಿನವರು?

ಕಾಲಿನ ಮೂಳೆ ಮುರಿದು, ಕೂಡುವಾಗ ಕೂದಲೆಳೆಯಷ್ಟು ಆಚೀಚೆ ಆದರೆ ಮನುಷ್ಯನಿಗೆ ಗೊತ್ತೂ ಆಗುವುದಿಲ್ಲ. ದವಡೆ ಹಾಗಲ್ಲ. ಊಟದಲ್ಲಿ ಒಂದು ಕೂದಲು ಸಿಕ್ಕರೂ ಹಲ್ಲಿಗೆ ತಕ್ಷಣ ತಿಳಿಯುತ್ತದೆ, ಅಲ್ವಾ? ದವಡೆ ಸ್ವಲ್ಪ ವಾರೆಯಾಗಿ ಕೂಡಿದರೂ ಒಂದು ಹಲ್ಲು ಮೊದಲು ತಾಗುತ್ತದೆ, ಉಳಿದವು ತಾಗುವುದೇ ಇಲ್ಲ. ಚಪಾತಿ ಅಗಿಯಲಾಗದು. ಹಾಗಾಗಿ ಮೂಳೆ ಜೋಡಿಸಲು ನಮಗೆ ಅಳತೆ ಸಿಗುವುದೇ ಹಲ್ಲಿನಿಂದ. ಥಿಯೇಟರಿನಲ್ಲಿ ನಾವು ಮೊದಲು ಮೂಳೆ ಮುಟ್ಟುವುದಿಲ್ಲ. ಮೇಲಿನ ಹಲ್ಲು, ಕೆಳಗಿನ ಹಲ್ಲು ಮೊದಲು ಹೇಗೆ ಕೂಡುತ್ತಿದ್ದವೋ ಹಾಗೆ ಕೂಡಿಸಿ ಸಣ್ಣ ತಂತಿಯಿಂದ ಬಿಗಿಯುತ್ತೇವೆ. ಹಲ್ಲು ಸರಿಯಾಗಿ ಕೂತರೆ ಮುರಿದ ಮೂಳೆಯ ತುದಿಗಳು ತಾವಾಗಿಯೇ ಹತ್ತಿರ ಬರುತ್ತವೆ. ಆಮೇಲೆ ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ದಪ್ಪದ ಟೈಟೇನಿಯಂ ಪ್ಲೇಟು, ಪುಟ್ಟ ಸ್ಕ್ರೂ. ಎಷ್ಟೋ ಸಲ ಇದೆಲ್ಲ ಬಾಯಿಯ ಒಳಗಿಂದಲೇ ಆಗುತ್ತದೆ, ಮುಖದ ಮೇಲೆ ಗಾಯದ ಗುರುತೇ ಉಳಿಯುವುದಿಲ್ಲ.

ದವಡೆ ಹೆಚ್ಚಾಗಿ ಒಂದೇ ಕಡೆ ಮುರಿಯುವುದಿಲ್ಲ. ಗಾಜಿನ ಬಳೆಯನ್ನು ಒತ್ತಿ ನೋಡಿ, ಎರಡು ಕಡೆ ಒಡೆಯುತ್ತದೆ. ಇದೂ ಹಾಗೇ. ಗದ್ದಕ್ಕೆ ಪೆಟ್ಟು ಬಿದ್ದರೆ ಅದು ಮೇಲೆ ಹೋಗಿ ಕಿವಿಯ ಮುಂದಿರುವ ಕೀಲನ್ನು ಮುರಿಯಬಹುದು. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ, ಅಲ್ಲಿ ಏನೋ ಜಾರಿದ ಹಾಗಾಗುತ್ತದಲ್ಲ, ಅದೇ ಕೀಲು. ಬಾಗಿಲಿಗೆ ತಿರುಗಣಿ ಇದ್ದ ಹಾಗೆ. ಹೊರಗೆ ಕಾಣುವ ಗಾಯ ಗದ್ದದ ಮೇಲೆ, ಮುರಿದದ್ದು ಕಿವಿಯ ಹತ್ತಿರ. ತಮ್ಮನ ಎರಡೂ ಕಡೆಯ ಕೀಲನ್ನು ನೋಡಿದ್ದಾರಾ ಅಂತ ಅಲ್ಲಿ ತಪ್ಪದೆ ಕೇಳಿ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈ ಅಂಕಣ ಬರೆಯಲು ಒಪ್ಪಿಕೊಂಡದ್ದೇ ಈ ಮಾತಿಗಾಗಿ. ಮಕ್ಕಳು ಮೆಟ್ಟಿಲ ಮೇಲೆ, ಚಾಳಿನ ಗ್ಯಾಲರಿಯಲ್ಲಿ ಆಡುವಾಗ ಗದ್ದ ಊರಿ ಬೀಳುತ್ತಾರೆ. ಹತ್ತಿರದ ಡಾಕ್ಟರು ಎರಡು ಹೊಲಿಗೆ ಹಾಕಿ ಕಳಿಸುತ್ತಾರೆ. ಗಾಯ ವಾರದಲ್ಲಿ ಮಾಯುತ್ತದೆ. ಎಲ್ಲರೂ ಮರೆಯುತ್ತಾರೆ. ಆದರೆ ಕೀಲು ಮುರಿದಿದ್ದು ಯಾರಿಗೂ ತಿಳಿಯದೆ ಹೋದರೆ, ಮಗು ನೋವಿಗೆ ಬಾಯಿ ತೆರೆಯುವುದನ್ನು ಕಡಿಮೆ ಮಾಡುತ್ತದೆ. ಆ ಜಾಗದಲ್ಲಿ ಮೂಳೆ ಬೆಳೆದು ಕೀಲು ತಲೆಬುರುಡೆಗೆ ಅಂಟಿಕೊಳ್ಳಬಹುದು. ನನ್ನ ಹತ್ತಿರ ಒಬ್ಬ ಹುಡುಗನನ್ನು ಕರೆತಂದಿದ್ದರು. ವಯಸ್ಸು ಒಂಬತ್ತು. ಬಿದ್ದದ್ದು ನಾಲ್ಕರಲ್ಲಿ. ಹಲ್ಲುಗಳ ನಡುವೆ ಒಂದು ಬೆರಳೂ ಹೋಗುತ್ತಿರಲಿಲ್ಲ. ದೋಸೆಯನ್ನು ಚೂರು ಚೂರು ಮಾಡಿ, ಒಂದು ಹಲ್ಲು ಬಿದ್ದ ಸಂದಿಯಿಂದ ಒಳಗೆ ತಳ್ಳಿ ತಿನ್ನುತ್ತಿದ್ದ. ಕೆಳದವಡೆ ಬೆಳೆದೇ ಇರಲಿಲ್ಲ, ಗದ್ದ ಹಿಂದೆ ಸರಿದಿತ್ತು. ಅಂಟಿದ ಮೂಳೆ ಕತ್ತರಿಸಿ ಬಿಡಿಸಿದೆವು. ಆಮೇಲೆ ತಿಂಗಳುಗಟ್ಟಲೆ ದಿನಾ ಬಾಯಿ ತೆರೆಯುವ ಅಭ್ಯಾಸ, ಅಳು, ಮತ್ತೆ ಅಭ್ಯಾಸ. ಅವನ ಗದ್ದದ ಕೆಳಗೆ ಹಳೆಯ ಹೊಲಿಗೆಯ ಬಿಳಿ ಗೆರೆ ಹಾಗೇ ಇತ್ತು. ಅದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತಿತ್ತು. ಹೊಲಿಗೆ ಹಾಕಿದ ದಿನ ಯಾರಾದರೂ "ಬಾಯಿ ತೆಗಿ ಮಗಾ" ಅಂದಿದ್ದರೆ ಸಾಕಿತ್ತು.

ಆದ್ದರಿಂದ ಮಗುವಿನ ಗದ್ದಕ್ಕೆ ಹೊಲಿಗೆ ಬಿದ್ದರೆ, ಮನೆಗೆ ಹೊರಡುವ ಮೊದಲು ಬಾಯಿ ಅಗಲ ತೆರೆಯಲು ಹೇಳಿ. ಗದ್ದ ಒಂದು ಕಡೆಗೆ ವಾಲುತ್ತಿದೆಯಾ? ಕಿವಿಯ ಮುಂದೆ ನೋವಿದೆಯಾ? ಹಲ್ಲು ಮೊದಲಿನ ಹಾಗೆ ಕೂಡುತ್ತಿದೆಯಾ? ಅನುಮಾನ ಬಂದರೆ ನಮ್ಮಂಥವರಿಗೆ ತೋರಿಸಿ. ಈ ಮಾತನ್ನು ಕ್ಲಿನಿಕ್ ಇಟ್ಟಿರುವ ಡಾಕ್ಟರ್ ಗೆಳೆಯರಿಗೂ ಹೇಳುತ್ತೇನೆ. ಅವರನ್ನು ದೂರಲು ಅಲ್ಲ. ಎಂಬಿಬಿಎಸ್ ಓದುವಾಗ ನಮ್ಮ ವಿಭಾಗದ ಪರಿಚಯ ಅವರಿಗೆ ಸಿಗುವುದೇ ಕಡಿಮೆ, ನಮ್ಮ ಡೆಂಟಲ್ ಕಾಲೇಜುಗಳು ಬೇರೆ ಕಟ್ಟಡದಲ್ಲಿ ಬೇರೆಯೇ ಇರುತ್ತವೆ. ಐಸ್‌ಕ್ರೀಂ ಕಡ್ಡಿಯಂಥ ಮರದ ಪಟ್ಟಿ ಅವರ ಮೇಜಿನ ಮೇಲೆ ಇದ್ದೇ ಇರುತ್ತದೆ. ದೊಡ್ಡವರಾದರೆ ಅದನ್ನು ದವಡೆ ಹಲ್ಲಿನಲ್ಲಿ ಗಟ್ಟಿಯಾಗಿ ಕಚ್ಚಲು ಹೇಳಿ, ಪಟ್ಟಿ ಮುರಿಯುವವರೆಗೆ ತಿರುಚುವುದು. ಎರಡೂ ಕಡೆ ಕಚ್ಚಿ ಹಿಡಿದರೆ ದವಡೆ ಮುರಿದಿರುವ ಸಂಭವ ಕಡಿಮೆ. ನೋವಿನಿಂದ ಬಾಯಿ ಬಿಟ್ಟುಬಿಟ್ಟರೆ ಎಕ್ಸ್‌ರೇ ಬೇಕು.

ಹಾಗಾದರೆ ಪ್ಲಾಸ್ಟಿಕ್ ಸರ್ಜನ್ ಬೇಡವಾ? ಬೇಕು. ಚರ್ಮ, ಮಾಂಸ ಕಿತ್ತುಹೋಗಿದ್ದರೆ ಅವರು ಬೇಕು. ಮೂಗು, ಕಿವಿಗೆ ಇಎನ್‌ಟಿ, ಕಣ್ಣಿನ ಗೂಡಿಗೆ ಪೆಟ್ಟಾದರೆ ಕಣ್ಣಿನ ಡಾಕ್ಟರು. ದೊಡ್ಡ ಅಪಘಾತದಲ್ಲಿ ಎಲ್ಲರೂ ಒಂದೇ ಟೇಬಲ್ ಸುತ್ತ ನಿಲ್ಲುತ್ತೇವೆ. ಮೊದಲನೇ ಮಹಾಯುದ್ಧದಲ್ಲೂ ಹೀಗೇ ಆಯಿತು. ಕಂದಕದಿಂದ ತಲೆ ಎತ್ತಿದ ಸೈನಿಕರ ಮುಖಕ್ಕೇ ಗುಂಡು. ಇಎನ್‌ಟಿ ಸರ್ಜನ್ ಆಗಿದ್ದ ಹೆರಾಲ್ಡ್ ಗಿಲೀಸ್ ಫ್ರಾನ್ಸಿನಲ್ಲಿ ದಂತವೈದ್ಯ ವಲಾಡಿಯೇ ಅವರ ಕೆಲಸ ನೋಡಿ ಬೆರಗಾದರು. ಆಮೇಲೆ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ 1917ರಲ್ಲಿ ಮುಖದ ಗಾಯಗಳಿಗೆಂದೇ ಆಸ್ಪತ್ರೆ ಶುರುವಾಯಿತು. ಗಿಲೀಸ್ ಚರ್ಮ ಜೋಡಿಸಿದರೆ, ಒಳಗೆ ದವಡೆಯನ್ನು ಹಿಡಿದು ನಿಲ್ಲಿಸಿದ್ದು ದಂತವೈದ್ಯರ ತಂತಿ, ಪಟ್ಟಿಗಳು.

ಕನ್ನಡದವರು ನಮ್ಮ ಹತ್ತಿರ ತಡವಾಗಿ ಬರುವ ಇನ್ನೊಂದು ಕಾಯಿಲೆ ಇದೆ. ಅಡಿಕೆ, ತಂಬಾಕು ಬೆರೆಸಿದ ಅಡಿಕೆಯ ಮಾವಾ, ಗುಟ್ಕಾ ಹಾಕುವವರಿಗೆ ಖಾರ ತಿಂದರೆ ಬಾಯಿ ಉರಿಯುತ್ತದೆ, ಕೆನ್ನೆಯ ಒಳಗೆ ಬಿಗಿಯುತ್ತದೆ, ಬಾಯಿ ಮೆಲ್ಲ ಮೆಲ್ಲಗೆ ಮುಚ್ಚುತ್ತಾ ಬರುತ್ತದೆ. ನಿಮ್ಮದೇ ಮೂರು ಬೆರಳು ನೆಟ್ಟಗೆ ಹಲ್ಲಿನ ನಡುವೆ ಹೋಗಬೇಕು. ಹೋಗದಿದ್ದರೆ ತೋರಿಸಿ. ತಂಬಾಕು ಸೇರದ ಬರೀ ಅಡಿಕೆಯಿಂದಲೂ ಇದು ಬರುತ್ತದೆ, ಇದರಿಂದ ಕ್ಯಾನ್ಸರ್ ಕೂಡ ಆಗಬಹುದು. ಗೋವಾ 2005ರಲ್ಲಿ, ಮಹಾರಾಷ್ಟ್ರ 2012ರಲ್ಲಿ ಗುಟ್ಕಾ ನಿಷೇಧಿಸಿದವು. ಆದರೂ ನನ್ನ ಹತ್ತಿರ ಬರುವವರಲ್ಲಿ ಇಪ್ಪತ್ತರ ಹರೆಯದ ಹುಡುಗರು ಜಾಸ್ತಿ ಇದ್ದಾರೆ.

ಹಲ್ಲುನೋವಿನ ಜೊತೆ ದವಡೆಯ ಕೆಳಗೆ ಎರಡೂ ಕಡೆ ಗಟ್ಟಿಯಾಗಿ ಊದಿ, ನಾಲಿಗೆ ಮೇಲೆದ್ದು, ಎಂಜಲು ನುಂಗಲು ಕಷ್ಟವಾದರೆ ಮಾತ್ರೆ ನುಂಗಿ ಮಲಗಬೇಡಿ. ಉಸಿರೇ ಕಟ್ಟಬಹುದು, ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಓಡಿ.

ತಮ್ಮನ ವಿಷಯಕ್ಕೆ ಮತ್ತೆ ಬರುತ್ತೇನೆ. ಮುಂಬಯಿಯಲ್ಲಿ ಸರಕಾರಿ ಡೆಂಟಲ್ ಕಾಲೇಜು ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರ, ಸೇಂಟ್ ಜಾರ್ಜ್ ಆಸ್ಪತ್ರೆಯ ಪಕ್ಕದಲ್ಲಿದೆ. ಮುಂಬಯಿ ಸೆಂಟ್ರಲ್‌ನಲ್ಲಿ ಪಾಲಿಕೆಯ ನಾಯರ್ ಡೆಂಟಲ್ ಕಾಲೇಜಿದೆ. ಗೋವಾದವರಿಗೆ ಬಾಂಬೋಳಿಯಲ್ಲಿ ಗೋವಾ ಡೆಂಟಲ್ ಕಾಲೇಜು, ಪುಣೆಯವರಿಗೆ ಧನಕವಡಿಯ ಭಾರತಿ ವಿದ್ಯಾಪೀಠ, ಪಿಂಪ್ರಿಯ ಡಿ. ವೈ. ಪಾಟೀಲ್ ಡೆಂಟಲ್ ಕಾಲೇಜುಗಳಿವೆ. ಹೋದ ಕೂಡಲೇ ಕೇಸ್ ಪೇಪರ್ ಮಾಡಿಸಿ. ಕೌಂಟರ್‌ನಲ್ಲಿ "ಓರಲ್ ಸರ್ಜರಿ" ಅನ್ನಿ, ಸಾಕು.

ಹಲ್ಲುಗಳನ್ನು ತಂತಿಯಿಂದ ಕಟ್ಟಿ ಮನೆಗೆ ಕಳಿಸಿದರೆ ಕೆಲವು ವಾರ ದ್ರವ ಊಟವೇ ಗತಿ. ಗಂಜಿ ತಿಳಿ, ರಾಗಿ ಅಂಬಲಿ, ಮಜ್ಜಿಗೆ, ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ ಬೇಳೆಸಾರು ಕೊಡಿ. ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಆರೇಳು ಸಲ. ತಂತಿ ಕತ್ತರಿಸುವ ಕಟರ್ ಒಂದು ಅವನ ತಲೆದಿಂಬಿನ ಹತ್ತಿರವೇ ಇರಲಿ, ವಾಂತಿ ಬಂದರೆ ಎಲ್ಲಿ ಕತ್ತರಿಸಬೇಕು ಅಂತ ಡಾಕ್ಟರನ್ನು ಕೇಳಿ ನೀವೂ ತಿಳಿದುಕೊಳ್ಳಿ. ಕೆಳತುಟಿ ಜೋಮು ಹಿಡಿದ ಹಾಗಿದ್ದರೆ ಈಗಲೇ ಹೇಳಿ, ಆಪರೇಷನ್‌ಗೆ ಮೊದಲೇ ಇತ್ತು ಅಂತ ದಾಖಲಾಗಬೇಕು.

ಸ್ಕ್ಯಾನ್ ಫಿಲ್ಮು, ನಿನ್ನೆಯ ಚೀಟಿ ಎರಡನ್ನೂ ಒಯ್ಯಿರಿ. ಜೊತೆಗೆ ಹಲ್ಲು ಕಾಣುವಂತೆ ತಮ್ಮ ನಗುತ್ತಿರುವ ಹಳೆಯ ಫೋಟೊ ನಿಮ್ಮ ಮೊಬೈಲಿನಲ್ಲಿದ್ದರೆ ಹುಡುಕಿಟ್ಟುಕೊಳ್ಳಿ. ಬೈಕಿನಿಂದ ಬೀಳುವ ಮೊದಲು ಅವನ ಹಲ್ಲು ಹೇಗೆ ಕೂಡುತ್ತಿತ್ತು ಅಂತ ಸರ್ಜನ್‌ಗೆ ಅದರಿಂದ ತಿಳಿಯುತ್ತದೆ.